ಚೀನಾಕ್ಕೆ ಹೋಗುವ ದಾರಿಯಲ್ಲಿ ಸಿಕ್ಕ ದ್ವೀಪಗಳು: ಅಮೆರಿಕದ ಕಡಲಾಚೆಯ ವ್ಯಾಪಾರ ಮತ್ತು ನೆಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇತಿಹಾಸದ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವು ಕಾಫಿ ಕುಡಿಯುವಾಗ ಎದ್ದವು, ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆಸುವಂಥವು ಆಮೇಲೆ.

## ಶುರುವಿನ ಪ್ರಶ್ನೆಗಳು

ಅಮೆರಿಕವೇ ಒಂದು ಕಾಲದಲ್ಲಿ ಬ್ರಿಟಿಷರ ವಸಾಹತು ಆಗಿತ್ತಲ್ವಾ? ಅದು ಯಾವಾಗ ಬೇರೆಯವರ ನೆಲಕ್ಕೆ ಕೈಹಾಕಿತು?

ಸ್ವಾತಂತ್ರ್ಯ ಸಿಕ್ಕ ಕೂಡಲೇ ಅಂತ ಹೇಳಬಹುದು. ಮೊದಲ ಎಪ್ಪತ್ತು ವರ್ಷ ಅದು ಪಶ್ಚಿಮಕ್ಕೆ ಬೆಳೆಯಿತು. ಕೆಲವು ಕಡೆ ನೆಲ ಕೊಂಡುಕೊಂಡಿತು, ಕೆಲವು ಕಡೆ ಯುದ್ಧ ಮಾಡಿ ಕಿತ್ತುಕೊಂಡಿತು. ಎಲ್ಲ ಕಡೆಯೂ ಮೂಲನಿವಾಸಿಗಳನ್ನು ಎಬ್ಬಿಸಿ ಓಡಿಸಿತು. ಸಮುದ್ರದಾಚೆಯ ಸಣ್ಣಪುಟ್ಟ ದ್ವೀಪಗಳು 1850ರ ದಶಕದಿಂದ ಸೇರತೊಡಗಿದವು. ದೊಡ್ಡ ತುತ್ತು ಸಿಕ್ಕಿದ್ದು 1898ರಲ್ಲಿ. ಆ ಒಂದೇ ವರ್ಷದಲ್ಲಿ ಹವಾಯಿ, ಪೋರ್ಟೊ ರಿಕೊ, ಗುವಾಮ್, ಫಿಲಿಪ್ಪೀನ್ಸ್ ನಾಲ್ಕೂ ಬಂದವು.

ಮನೆಯಲ್ಲಿ ಭೂಪಟ ಇದ್ದರೆ ಒಮ್ಮೆ ತೆಗೆಯಿರಿ. ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬೆರಳಿಟ್ಟು ಮನಿಲಾ ಕಡೆ ಎಳೆಯುತ್ತಾ ಹೋಗಿ. ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್, ಕೊನೆಗೆ ಮನಿಲಾ. ಬಸ್ಸಿನ ಸ್ಟಾಪುಗಳ ಹಾಗೆ ಕಾಣುತ್ತವೆ. ಮನಿಲಾದಿಂದ ಮುಂದಿನ ಸ್ಟಾಪು ಚೀನಾ. ಈ ಗೆರೆ ಕಣ್ಣಿಗೆ ಬಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ.

ಅಷ್ಟು ದೊಡ್ಡ ದೇಶ, ಒಳಗೇ ಬೇಕಾದಷ್ಟು ಇತ್ತು. ಚೀನಾದ ಹುಚ್ಚು ಯಾಕೆ ಹಿಡೀತು?

ಬ್ರಿಟನ್‌ನಿಂದ ಬಿಡುಗಡೆಯಾದ ಮೇಲೆ ಅಮೆರಿಕದ ಹಡಗುಗಳಿಗೆ ಬ್ರಿಟಿಷರ ವೆಸ್ಟ್ ಇಂಡೀಸ್ ಬಂದರುಗಳ ಬಾಗಿಲು ಮುಚ್ಚಿತು. ಹಳೆಯ ಗಿರಾಕಿ ಕೈತಪ್ಪಿದರೆ ಹೊಸಬನನ್ನು ಹುಡುಕಲೇಬೇಕಲ್ಲ. 1784ರ ಫೆಬ್ರವರಿಯಲ್ಲಿ 'ಎಂಪ್ರೆಸ್ ಆಫ್ ಚೈನಾ' ಎಂಬ ಹಡಗು ನ್ಯೂಯಾರ್ಕಿನಿಂದ ಚೀನಾದ ಬಂದರು ಕ್ಯಾಂಟನ್‌ಗೆ ಹೊರಟಿತು. ಹೊಟ್ಟೆಯಲ್ಲಿ ಮುಖ್ಯವಾಗಿ ಇದ್ದದ್ದು ಜಿನ್‌ಸೆಂಗ್ ಬೇರು, ಅಮೆರಿಕದ ಕಾಡಿನಲ್ಲಿ ಅಗೆದದ್ದು. ಚೀನೀಯರಿಗೆ ಅದು ಮದ್ದು. ಮರುವರ್ಷ ಚಹಾ, ಪಿಂಗಾಣಿ ತುಂಬಿಕೊಂಡು ಹಡಗು ವಾಪಸ್ ಬಂತು, ಒಳ್ಳೆ ಲಾಭವೂ ಬಂತು.

ಆದರೆ ಚೀನೀಯರಿಗೆ ಹೊರಗಿನ ಸಾಮಾನು ಅಷ್ಟೇನೂ ಬೇಕಿರಲಿಲ್ಲ. ಅವರು ಏನು ಕೊಳ್ಳುತ್ತಾರೆ ಅಂತ ಹುಡುಕುತ್ತಾ ಅಮೆರಿಕನ್ನರು ಶಾಂತಸಾಗರವನ್ನೆಲ್ಲ ಜಾಲಾಡಿದರು. ವಾಯುವ್ಯ ಕರಾವಳಿಯಲ್ಲಿ ಕಡಲ ನೀರುನಾಯಿಯ ತುಪ್ಪಳ ಸಿಕ್ಕಿತು. ಹವಾಯಿಯಲ್ಲಿ ಶ್ರೀಗಂಧ ಸಿಕ್ಕಿತು.

ಗಂಧದ ಕಥೆ ನಮಗೆ ಬೇಗ ಅರ್ಥವಾಗುತ್ತದೆ. ಹವಾಯಿಯ ಮೊಲೊಕಾಯಿ ದ್ವೀಪದ ಬೆಟ್ಟದ ಮೇಲೆ ಈಗಲೂ ಒಂದು ಹಳ್ಳ ಇದೆ. ಹಡಗಿನ ತಳದ ಆಕಾರಕ್ಕೆ, ಅದೇ ಅಳತೆಗೆ ತೋಡಿದ್ದು. ಕಡಿದ ಗಂಧದ ತುಂಡುಗಳನ್ನು ಅದಕ್ಕೆ ತುಂಬಬೇಕು. ಹಳ್ಳ ತುಂಬಿತು ಅಂದರೆ ಒಂದು ಹಡಗಿನ ಲೋಡು ಆಯ್ತು ಅಂತ ಲೆಕ್ಕ. ಆಮೇಲೆ ಅಷ್ಟನ್ನೂ ಜನ ಬೆನ್ನ ಮೇಲೆ ಹೊತ್ತು ಕಡಲಿಗೆ ಇಳಿಸಬೇಕು. ದ್ವೀಪದ ಮುಖಂಡರು ಅಮೆರಿಕದ ವ್ಯಾಪಾರಿಗಳ ಹತ್ತಿರ ಸಾಲ ಮಾಡಿದ್ದರು. 1826ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಸಾಲ ವಸೂಲಿ ಮಾತಾಡಲು ಬಂತು. ಪ್ರತಿ ಗಂಡಸೂ ಇಷ್ಟು ಗಂಧ ತಂದುಕೊಡಬೇಕು ಅಂತ ತೆರಿಗೆ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಕಡಿಯಲು ಗಂಧವೇ ಉಳಿಯಲಿಲ್ಲ.

ಲೂಸಿಯಾನ, ಕ್ಯಾಲಿಫೋರ್ನಿಯಾ ತಗೊಂಡಿದ್ದು ಬೇಸಾಯಕ್ಕೆ ಅಂತ ಓದಿದ್ದೆ. ಕಡಲ ವ್ಯಾಪಾರ ಅಲ್ಲೆಲ್ಲಿ ಬಂತು?

ಬೇಸಾಯವೂ ಇತ್ತು. ಆದರೆ ಬೆಳೆದದ್ದನ್ನು ಮಾರಬೇಕಲ್ಲ? ಒಹಾಯೊ, ಕೆಂಟಕಿ ಕಡೆಯ ರೈತ ಹಿಟ್ಟು, ಹಂದಿಮಾಂಸ, ಹೊಗೆಸೊಪ್ಪನ್ನು ಚಪ್ಪಟೆ ದೋಣಿಗೆ ಹಾಕಿ ಮಿಸಿಸಿಪ್ಪಿ ಹೊಳೆಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ತೇಲಿ ಬಿಡುತ್ತಿದ್ದ. ಅಲ್ಲಿಂದ ಸರಕು ಹಡಗು ಹತ್ತುತ್ತಿತ್ತು. 1802ರಲ್ಲಿ ಅಲ್ಲಿನ ಸ್ಪ್ಯಾನಿಷ್ ಅಧಿಕಾರಿಗಳು ಸರಕು ಇಳಿಸಿಡುವ ಹಕ್ಕನ್ನು ನಿಲ್ಲಿಸಿದಾಗ ಒಳನಾಡು ಹೊತ್ತಿ ಉರಿಯಿತು. ಅಧ್ಯಕ್ಷ ಜೆಫರ್ಸನ್ ಕೊಳ್ಳಲು ಹೊರಟಿದ್ದು ಮುಖ್ಯವಾಗಿ ಆ ಬಂದರನ್ನು. ಸ್ಪೇನ್ ಅಷ್ಟರಲ್ಲಿ ಲೂಸಿಯಾನವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತ್ತು, ಅಲ್ಲಿನ ನೆಪೋಲಿಯನ್ ಪೂರ್ತಿ ಪ್ರದೇಶವನ್ನೇ ಮಾರಲು ಮುಂದೆ ಬಂದ. 1803ರಲ್ಲಿ 1.5 ಕೋಟಿ ಡಾಲರಿಗೆ ವ್ಯಾಪಾರ ಕುದುರಿತು. ಬಾಗಿಲು ಕೇಳಲು ಹೋದವರಿಗೆ ಮನೆಯೇ ಸಿಕ್ಕಿತು ಅನ್ನಿ.

ಶಾಂತಸಾಗರದ ಕಡೆಯೂ ಅಷ್ಟೇ. 1846ರಲ್ಲಿ ಬ್ರಿಟನ್ ಜೊತೆ ಆರೆಗಾನ್ ಹಂಚಿಕೊಂಡಾಗ ಅಮೆರಿಕ ಪಟ್ಟು ಹಿಡಿದಿದ್ದು ಪ್ಯೂಜೆಟ್ ಸೌಂಡ್ ಎಂಬ ಆಳದ ಬಂದರಿಗೆ. ಮೆಕ್ಸಿಕೊ ಜೊತೆ 1846ರಿಂದ 1848ರವರೆಗೆ ಯುದ್ಧ ಮಾಡಿದಾಗ ಅಧ್ಯಕ್ಷ ಪೋಕ್ ಕಣ್ಣಿಟ್ಟಿದ್ದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಮೊದಲನೆಯದು. ಆಗಿನ್ನೂ ಅಲ್ಲಿನ ಚಿನ್ನದ ಸುದ್ದಿ ಹೊರಗೆ ಬಂದಿರಲಿಲ್ಲ, ಇದನ್ನು ಜನ ಮರೆಯುತ್ತಾರೆ.

ಹಕ್ಕಿ ಹಿಕ್ಕೆಗೋಸ್ಕರ ದ್ವೀಪ ಹಿಡಿದರಂತೆ. ತಮಾಷೆನಾ, ನಿಜಾನಾ?

ಪಕ್ಕಾ ನಿಜ. ಕಾನೂನೇ ಇದೆ. ಮಳೆ ಕಡಿಮೆ ಇರುವ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಹಿಕ್ಕೆ ನೂರಾರು ವರ್ಷ ಒಣಗಿ ಗುಡ್ಡೆ ಬೀಳುತ್ತದೆ. ಅದೇ ಗ್ವಾನೋ. ರಾಸಾಯನಿಕ ಗೊಬ್ಬರ ಬರುವ ಮೊದಲು ಸತ್ವ ಕಳೆದುಕೊಂಡ ಹೊಲಕ್ಕೆ ಇದಕ್ಕಿಂತ ಒಳ್ಳೆ ಗೊಬ್ಬರ ಇರಲಿಲ್ಲ. ಒಳ್ಳೆ ಮಾಲೆಲ್ಲ ಪೆರು ದೇಶದ ಕೈಯಲ್ಲಿತ್ತು, ಬೆಲೆಯೂ ಅವರದ್ದೇ. ಅದಕ್ಕೇ 1856ರಲ್ಲಿ ಅಮೆರಿಕದ ಕಾಂಗ್ರೆಸ್ ಗ್ವಾನೋ ದ್ವೀಪ ಕಾಯ್ದೆ ಮಾಡಿತು. ಯಾವ ದೇಶಕ್ಕೂ ಸೇರದ, ಜನ ಇಲ್ಲದ ದ್ವೀಪದಲ್ಲಿ ಅಮೆರಿಕದ ಪ್ರಜೆಯೊಬ್ಬನಿಗೆ ಗ್ವಾನೋ ಸಿಕ್ಕರೆ, ಅಧ್ಯಕ್ಷರು ಬಯಸಿದರೆ, ಅದು ಅಮೆರಿಕಕ್ಕೆ ಸೇರಿದ್ದು ಅಂತ ಪರಿಗಣಿಸಬಹುದು. ಹೀಗೆ ನೂರರ ಹತ್ತಿರ ದ್ವೀಪಗಳಿಗೆ ಹಕ್ಕು ಹೂಡಿದರು. ಬೇಕರ್, ಹೌಲ್ಯಾಂಡ್, ಜಾರ್ವಿಸ್ ದ್ವೀಪಗಳು ಇವತ್ತಿಗೂ ಅಮೆರಿಕದ ಬಳಿಯೇ ಇವೆ.

ನಗು ನಿಲ್ಲಿಸುವ ಭಾಗ ನವಾಸ್ಸಾ ದ್ವೀಪದ್ದು. ಹೈಟಿಯ ಪಕ್ಕದಲ್ಲಿದೆ. ಬಾಲ್ಟಿಮೋರ್‌ನಿಂದ ಕರಿಯ ಕೂಲಿಗಳನ್ನು ಕರೆದೊಯ್ದು ಸುಡುಬಿಸಿಲಲ್ಲಿ ಅಗೆಸುತ್ತಿದ್ದರು. 1889ರಲ್ಲಿ ಅವರು ತಿರುಗಿಬಿದ್ದರು, ಐದು ಜನ ಮೇಲ್ವಿಚಾರಕರು ಸತ್ತರು. ಮೂವರಿಗೆ ಮರಣದಂಡನೆ ವಿಧಿಸಿದರು. 'ಈ ದ್ವೀಪ ಅಮೆರಿಕದ್ದೇ ಅಲ್ಲ, ಅಮೆರಿಕದ ಕೋರ್ಟಿಗೆ ಅಧಿಕಾರ ಇಲ್ಲ' ಅಂತ ಅವರ ವಕೀಲರು ವಾದಿಸಿದರು. 1890ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಕಾಯ್ದೆ ಸರಿ ಅಂದಿತು. ಆಮೇಲೆ ಅಧ್ಯಕ್ಷ ಹ್ಯಾರಿಸನ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು.

ಕಲ್ಲಿದ್ದಲಿಗೂ ಇದಕ್ಕೂ ಏನು ಸಂಬಂಧ?

ಹಾಯಿ ಹಡಗಿಗೆ ಗಾಳಿ ಪುಕ್ಕಟೆ. ಉಗಿ ಹಡಗು ಹಾಗಲ್ಲ, ದಾರಿ ನಡುವೆ ಕಲ್ಲಿದ್ದಲು ತುಂಬಿಸಲೇಬೇಕು. ಶಾಂತಸಾಗರ ದಾಟುವವರಿಗೆ ದ್ವೀಪ ಅಂದರೆ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್ ಇದ್ದ ಹಾಗೆ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧನೌಕೆಗಳನ್ನು ತಗೊಂಡು ಜಪಾನಿನ ಬಾಗಿಲು ತಟ್ಟಿದಾಗ ಅವನ ಬೇಡಿಕೆಗಳಲ್ಲಿ ಕಲ್ಲಿದ್ದಲೂ ಒಂದು. ಮಿಡ್‌ವೇ ದ್ವೀಪದ ಮೇಲೆ 1867ರಲ್ಲಿ ಬಾವುಟ ನೆಟ್ಟರು. ಸಮೋವಾದ ಪಾಗೊ ಪಾಗೊ ಬಂದರಿನ ಹಕ್ಕನ್ನು 1878ರ ಒಪ್ಪಂದದಲ್ಲಿ ಪಡೆದರು. ಕಾರಣ ಎರಡಕ್ಕೂ ಒಂದೇ.

ಅಲಾಸ್ಕಾ ಕೂಡ ಇದೇ ಲೆಕ್ಕನಾ?

ಒಂದು ಮಟ್ಟಿಗೆ. 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿದ್ದು, ಎಕರೆಗೆ ಸುಮಾರು ಎರಡು ಸೆಂಟ್ ಬಿತ್ತು. ಕೊಂಡ ವಿದೇಶಾಂಗ ಕಾರ್ಯದರ್ಶಿ ಸೆವರ್ಡ್ ಏಷ್ಯಾದ ವ್ಯಾಪಾರದ ಕನಸು ಕಂಡವರಲ್ಲಿ ಮುಂದಾಳು. ಮಿಡ್‌ವೇ ಸೇರಿದ್ದೂ ಅವರ ಕಾಲದಲ್ಲೇ.

## ಸ್ವಲ್ಪ ಒಳಗೆ ಹೋದರೆ

ಹವಾಯಿ ರಾಣಿಯನ್ನು ಇಳಿಸಿದ್ದು ಸಕ್ಕರೆ ತೋಟದವರಾ, ಅಮೆರಿಕ ಸರ್ಕಾರನಾ?

ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಇಬ್ಬರೂ ಸೇರಿ ಅಂತ ಒಂದೇ ಮಾತಲ್ಲಿ ಮುಗಿಸಬಹುದು, ಆದರೆ ರುಚಿ ಇರುವುದು ಸುಂಕದ ಲೆಕ್ಕದಲ್ಲಿ.

1875ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದ ಆಯಿತು: ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಇಲ್ಲ. ಬೇರೆ ದೇಶದವರು ಸುಂಕ ಕಟ್ಟಿ ಮಾರಬೇಕು, ಇವರು ಕಟ್ಟಬೇಕಿಲ್ಲ. ಹದಿನೈದು ವರ್ಷದಲ್ಲಿ ಸಕ್ಕರೆ ರಫ್ತು ಸುಮಾರು ಹತ್ತು ಪಟ್ಟಾಯಿತು. ತೋಟಗಳ ಒಡೆತನ ಬಹುಪಾಲು ಅಮೆರಿಕದಿಂದ ಬಂದ ಬಿಳಿಯರದ್ದು. ಕೆಲವರಂತೂ ಧರ್ಮ ಹೇಳಲು ಬಂದ ಮಿಷನರಿಗಳ ಮಕ್ಕಳು ಮೊಮ್ಮಕ್ಕಳು. ಕೂಲಿಗಳು ಚೀನಾ, ಜಪಾನ್, ಪೋರ್ಚುಗಲ್‌ನಿಂದ ಬಂದವರು. 1887ರಲ್ಲಿ ಬಂದೂಕುಧಾರಿ ಗುಂಪು ರಾಜನ ಕೈಯಲ್ಲಿ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿತು. ಅದೇ ವರ್ಷ ಒಪ್ಪಂದ ಮುಂದುವರಿಸಿದ್ದಕ್ಕೆ ಪ್ರತಿಯಾಗಿ ಪರ್ಲ್ ಹಾರ್ಬರ್ ಬಳಸುವ ಹಕ್ಕು ಅಮೆರಿಕಕ್ಕೆ ಹೋಯಿತು.

1890ರಲ್ಲಿ ಏಟು ಬಿತ್ತು. ಅಮೆರಿಕದ ಹೊಸ ಸುಂಕ ಕಾಯ್ದೆ ಎಲ್ಲ ದೇಶದ ಕಚ್ಚಾ ಸಕ್ಕರೆಗೂ ಸುಂಕ ತೆಗೆಯಿತು, ಸ್ವದೇಶಿ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ವಿಶೇಷ ಸವಲತ್ತು ರಾತ್ರೋರಾತ್ರಿ ಹೋಯಿತು. ಅಮೆರಿಕದ ಭಾಗವೇ ಆಗಿಬಿಟ್ಟರೆ? ಆಗ ಆ ಎರಡು ಸೆಂಟ್ ನಮಗೂ ಸಿಗುತ್ತದಲ್ಲ ಅನ್ನುವ ಆಸೆ ಹುಟ್ಟಿತು. ಹಾಗಂತ ಎಲ್ಲ ತೋಟದವರೂ ವಿಲೀನ ಬಯಸಿದರು ಅಂದುಕೊಳ್ಳಬೇಡಿ. ಅಲ್ಲಿನ ಸಕ್ಕರೆ ದೊರೆ ಕ್ಲಾಸ್ ಸ್ಪ್ರೆಕಲ್ಸ್ ವಿರೋಧಿಸಿದ. ಅಮೆರಿಕದ ಕಾನೂನು ಬಂದರೆ ಕರಾರಿನ ಮೇಲೆ ಕೂಲಿ ತರಲು ಆಗುವುದಿಲ್ಲ ಅನ್ನುವುದು ಅವನ ಚಿಂತೆ.

1893ರ ಜನವರಿಯಲ್ಲಿ ರಾಣಿ ಲಿಲಿಯುಒಕಲಾನಿ ಹೊಸ ಸಂವಿಧಾನ ತಂದು ಅಧಿಕಾರ ವಾಪಸ್ ಪಡೆಯಲು ಹೊರಟರು. ತಕ್ಷಣ ಒಂದು ಸಣ್ಣ ಗುಂಪು ದಂಗೆ ಎದ್ದಿತು. ಅಮೆರಿಕದ ರಾಯಭಾರಿ ಸ್ಟೀವನ್ಸ್ 'ಬೋಸ್ಟನ್' ಹಡಗಿನಿಂದ 162 ಸೈನಿಕರನ್ನು ಊರೊಳಗೆ ಇಳಿಸಿದ. ಜನವರಿ 17ರಂದು ರಾಣಿ ಅಧಿಕಾರ ಬಿಟ್ಟರು. ಬಿಡುವಾಗಲೂ ಜಾಣತನ ತೋರಿದರು. ಬಂಡಾಯಗಾರರಿಗಲ್ಲ, ಅಮೆರಿಕದ ಬಲಕ್ಕೆ ಮಣಿಯುತ್ತಿದ್ದೇನೆ ಅಂತ ಬರೆದುಕೊಟ್ಟರು.

ಆಮೇಲೆ ಅಧ್ಯಕ್ಷರಾದ ಕ್ಲೀವ್‌ಲ್ಯಾಂಡ್ ಇದು ತಪ್ಪು ಅಂತ ಬಂಡಾಯಗಾರರ ಜೊತೆ ಆಗಿದ್ದ ವಿಲೀನ ಒಪ್ಪಂದವನ್ನು ವಾಪಸ್ ತೆಗೆದುಕೊಂಡರು, ರಾಣಿಯನ್ನು ಮಾತ್ರ ಮತ್ತೆ ಕೂರಿಸಲಿಲ್ಲ. 1897ರಲ್ಲಿ ಎರಡನೇ ಪ್ರಯತ್ನ ನಡೆದಾಗ ಹವಾಯಿಯ ಜನ 21,000ಕ್ಕೂ ಜಾಸ್ತಿ ಸಹಿ ಸಂಗ್ರಹಿಸಿ ವಾಷಿಂಗ್ಟನ್‌ಗೆ ಕಳಿಸಿದರು. ಆಗ ಮೂಲ ಹವಾಯಿಯರು ಒಟ್ಟು ಇದ್ದದ್ದೇ ಸುಮಾರು 40,000. ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಸಿಗದೆ ಒಪ್ಪಂದ ಬಿತ್ತು. 1898ರಲ್ಲಿ ಸ್ಪೇನ್ ಜೊತೆಗಿನ ಯುದ್ಧದ ಗಲಾಟೆ ನಡುವೆ ಒಪ್ಪಂದದ ದಾರಿ ಬಿಟ್ಟು ಸಾದಾ ಬಹುಮತದ ಜಂಟಿ ಠರಾವು ತಂದು ಕೆಲಸ ಮುಗಿಸಿದರು. 1993ರಲ್ಲಿ ಅಮೆರಿಕದ ಕಾಂಗ್ರೆಸ್ ಕ್ಷಮೆ ಕೇಳಿತು. ನೆಲ ವಾಪಸ್ ಕೊಡುವ ಮಾತು ಅದರಲ್ಲಿ ಇರಲಿಲ್ಲ ಬಿಡಿ.

1898ರ ಯುದ್ಧ ನಡೆದಿದ್ದು ಕ್ಯೂಬಾದ ಬಿಡುಗಡೆಗೆ. ಫಿಲಿಪ್ಪೀನ್ಸ್ ಎಲ್ಲಿಂದ ನಡುವೆ ಬಂತು?

ಭೂಪಟದ ಗೆರೆ ನೆನಪಿದೆಯಲ್ಲ? ಕ್ಯೂಬಾ, ಫಿಲಿಪ್ಪೀನ್ಸ್ ಎರಡೂ ಆಗ ಸ್ಪೇನಿನ ಕೈಯಲ್ಲಿದ್ದವು. ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ 'ಮೇನ್' ಹಡಗು ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತದ್ದು ಫೆಬ್ರವರಿ 15ರಂದು. ಏಪ್ರಿಲ್‌ನಲ್ಲಿ ಯುದ್ಧ ಶುರು. ಮೊದಲ ದೊಡ್ಡ ಕಾಳಗ ನಡೆದದ್ದು ಮಾತ್ರ ಕ್ಯೂಬಾದಿಂದ ಭೂಮಿಯ ಆಚೆ ಬದಿಯಲ್ಲಿರುವ ಮನಿಲಾ ಕೊಲ್ಲಿಯಲ್ಲಿ, ಮೇ 1ಕ್ಕೆ. ಹಾಂಗ್‌ಕಾಂಗ್‌ನಲ್ಲಿ ತಯಾರಾಗಿ ನಿಂತಿದ್ದ ಅಮೆರಿಕದ ನೌಕಾಧಿಕಾರಿ ಡ್ಯೂಯಿಯ ಪಡೆ ಕೆಲವೇ ಗಂಟೆಗಳಲ್ಲಿ ಸ್ಪೇನಿನ ಹಡಗುಗಳನ್ನು ಮುಳುಗಿಸಿತು.

1893ರಿಂದ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಗಿತ್ತು. ಕಾರ್ಖಾನೆಗಳು ದೇಶದೊಳಗೆ ಖರ್ಚಾಗುವುದಕ್ಕಿಂತ ಜಾಸ್ತಿ ತಯಾರಿಸುತ್ತಿವೆ, ಹೊರಗೆ ಗಿರಾಕಿ ಸಿಗದಿದ್ದರೆ ಉಳಿಗಾಲವಿಲ್ಲ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಚೀನಾದ ಕೋಟ್ಯಂತರ ಗಿರಾಕಿಗಳ ಹೊಸ್ತಿಲಲ್ಲಿ ಮನಿಲಾದಂಥ ಬಂದರು ತಾನಾಗಿ ಕೈಗೆ ಬಿದ್ದಾಗ ಬಿಡುವ ಮನಸ್ಸು ಯಾರಿಗೆ ಬರುತ್ತದೆ? ಡಿಸೆಂಬರ್‌ನ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ಪಡೆದರು. ಅಲ್ಲಿನ ಜನರನ್ನು ಕೇಳಲಿಲ್ಲ. ಸ್ಪೇನ್ ವಿರುದ್ಧ ಅದಾಗಲೇ ಹೋರಾಡುತ್ತಿದ್ದ ಫಿಲಿಪ್ಪೀನ್ ನಾಯಕ ಅಗಿನಾಲ್ಡೊನ ಪಡೆ 1899ರ ಫೆಬ್ರವರಿಯಿಂದ ಅಮೆರಿಕದ ವಿರುದ್ಧ ತಿರುಗಿತು. ಅಮೆರಿಕದ 4,200 ಸೈನಿಕರು, ಸುಮಾರು 20,000 ಫಿಲಿಪ್ಪೀನ್ ಹೋರಾಟಗಾರರು ಸತ್ತರು. ಹಸಿವು, ಕಾಲರಾ ಸೇರಿ ಸತ್ತ ಸಾಮಾನ್ಯ ಜನ ಎರಡು ಲಕ್ಷಕ್ಕೂ ಜಾಸ್ತಿ ಅನ್ನುವುದು ಸಾಮಾನ್ಯ ಅಂದಾಜು.

ಗುವಾಮ್‌ನವರಿಗೆ ಯುದ್ಧ ಶುರುವಾಗಿದ್ದೇ ಗೊತ್ತಿರಲಿಲ್ಲವಂತೆ, ಹೌದಾ?

ಹೌದು, ಇದು ಕಟ್ಟುಕಥೆ ಅಲ್ಲ. 1898ರ ಜೂನ್ 20ರಂದು 'ಚಾರ್ಲ್ಸ್‌ಟನ್' ಹಡಗು ಬಂದು ಕೋಟೆಯ ಕಡೆ ಗುಂಡು ಹಾರಿಸಿತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಪೇನಿನ ಅಧಿಕಾರಿಗಳು ದೋಣಿಯಲ್ಲಿ ಬಂದರು. ಗುಂಡಿನ ಸದ್ದನ್ನು ಅವರು ಗೌರವದ ಸೆಲ್ಯೂಟ್ ಅಂದುಕೊಂಡಿದ್ದರು. ತಿರುಗಿ ಸೆಲ್ಯೂಟ್ ಹೊಡೆಯಲು ತಮ್ಮಲ್ಲಿ ಮದ್ದಿಲ್ಲ ಅಂತ ಕ್ಷಮೆ ಕೇಳಲು ಬಂದಿದ್ದರು! ಯುದ್ಧ ಶುರುವಾಗಿದೆ, ನೀವೀಗ ಕೈದಿಗಳು ಅಂತ ಗೊತ್ತಾಗಿದ್ದು ಅಲ್ಲೇ. ಮರುದಿನ ಗವರ್ನರ್ ಶರಣಾದ.

ಕ್ಯೂಬಾವನ್ನು ಯಾಕೆ ಇಟ್ಟುಕೊಳ್ಳಲಿಲ್ಲ?

ಯುದ್ಧಕ್ಕೆ ಮೊದಲೇ ಕಾಂಗ್ರೆಸ್, ಕ್ಯೂಬಾವನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಟೆಲ್ಲರ್ ತಿದ್ದುಪಡಿಯಲ್ಲಿ ಮಾತು ಕೊಟ್ಟಿತ್ತು. ಅಮೆರಿಕದ ಬೀಟ್ ಸಕ್ಕರೆ ಬೆಳೆಗಾರರಿಗೂ ಕ್ಯೂಬಾದ ಅಗ್ಗದ ಸಕ್ಕರೆ ಒಳಗೆ ಬರುವುದು ಬೇಕಿರಲಿಲ್ಲ. ಆದರೆ 1901ರ ಪ್ಲಾಟ್ ತಿದ್ದುಪಡಿ ಬೇಕಾದಾಗ ಮಧ್ಯೆ ಪ್ರವೇಶಿಸುವ ಹಕ್ಕನ್ನು ಅಮೆರಿಕಕ್ಕೆ ಕೊಟ್ಟಿತು. ಮನೆ ನಿನ್ನದೇ, ಬೀಗದಕೈ ನನ್ನ ಹತ್ತಿರ ಅನ್ನುವ ಹಾಗೆ.

ಚೀನಾಕ್ಕಾಗಿ ಇಷ್ಟೆಲ್ಲ ಮಾಡಿದವರು ಚೀನಾದಲ್ಲಿ ನೆಲ ಯಾಕೆ ಹಿಡಿಯಲಿಲ್ಲ?

ಹೋಗುವಷ್ಟರಲ್ಲಿ ತಡವಾಗಿತ್ತು. ಬ್ರಿಟನ್, ರಷ್ಯಾ, ಜರ್ಮನಿ, ಫ್ರಾನ್ಸ್, ಜಪಾನ್ ಒಬ್ಬೊಬ್ಬರೂ ಒಂದೊಂದು ಪ್ರದೇಶಕ್ಕೆ ಟವೆಲ್ ಹಾಸಿ ಕೂತಿದ್ದರು. 1899ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಎಲ್ಲರಿಗೂ ಪತ್ರ ಬರೆದು, ಯಾರ ಪ್ರಭಾವದ ಪ್ರದೇಶವೇ ಆಗಿರಲಿ, ಎಲ್ಲ ದೇಶದ ಸರಕಿಗೂ ಒಂದೇ ಸುಂಕ ಇರಲಿ ಅಂದರು. 'ತೆರೆದ ಬಾಗಿಲು' ನೀತಿ ಅಂದರೆ ಇದೇ. ಕೇಳಲು ಚೆನ್ನಾಗಿದೆ. ಆದರೆ ಬಾಗಿಲು ಯಾರ ಮನೆಯದೋ ಆ ಚೀನಾವನ್ನೇ ಯಾರೂ ಕೇಳಿರಲಿಲ್ಲ. ಮರುವರ್ಷ ಚೀನಾದಲ್ಲಿ ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಎದ್ದಾಗ ಅಮೆರಿಕ ಮನಿಲಾದಿಂದಲೇ ಸೈನ್ಯ ಕಳಿಸಿತು. ಸ್ಟಾಪುಗಳು ಕೆಲಸಕ್ಕೆ ಬಂದವು.

ಪನಾಮಾ ಕಾಲುವೆಗೆ ಅಂಚೆ ಚೀಟಿ ಕಾರಣ ಅಂತಾರಲ್ಲ?

ಪೂರ್ತಿ ಕಾರಣ ಅಲ್ಲ, ಆದರೆ ಕಥೆ ನಿಜ. 1898ರಲ್ಲಿ 'ಆರೆಗಾನ್' ಯುದ್ಧನೌಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣ ಅಮೆರಿಕವನ್ನು ಸುತ್ತಿ ಫ್ಲೋರಿಡಾ ಮುಟ್ಟಲು ಎರಡು ತಿಂಗಳು ದಾಟಿತ್ತು. ಕಾಲುವೆ ಬೇಕು ಅನ್ನುವುದರಲ್ಲಿ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಎಲ್ಲಿ ಅನ್ನುವುದೇ ಜಗಳ. ನಿಕರಾಗುವಾ ಕಡೆ ಒಲವು ಜಾಸ್ತಿ ಇತ್ತು. ಪನಾಮಾದಲ್ಲಿ ಸೋತ ಫ್ರೆಂಚ್ ಕಂಪನಿಯ ಪಾಲುದಾರ ಬುನೊ-ವರಿಯಾಗೆ ತನ್ನ ಆಸ್ತಿ ಮಾರಬೇಕಿತ್ತು. 1902ರ ಮೇನಲ್ಲಿ ಮಾರ್ಟಿನಿಕ್ ದ್ವೀಪದ ಜ್ವಾಲಾಮುಖಿ ಸಿಡಿದು ಇಡೀ ಪಟ್ಟಣವೇ ಸುಟ್ಟುಹೋಗಿತ್ತು. ಆ ಹೆದರಿಕೆ ಹಸಿಯಾಗಿರುವಾಗಲೇ ಅವನು ನಿಕರಾಗುವಾದ ಅಂಚೆ ಚೀಟಿಗಳನ್ನು ಹುಡುಕಿ ತಂದ. ಅದರ ಮೇಲೆ ಹೊಗೆಯಾಡುವ ಮೊಮೊಟೊಂಬೊ ಜ್ವಾಲಾಮುಖಿಯ ಚಿತ್ರ. ಪ್ರತಿ ಸೆನೆಟರ್‌ಗೂ ಒಂದೊಂದು ಕಳಿಸಿದ. ಪನಾಮಾ 42-34 ಮತಗಳಿಂದ ಗೆದ್ದಿತು.

ಪನಾಮಾ ಆಗ ಕೊಲಂಬಿಯಾದ ಭಾಗ. ಕೊಲಂಬಿಯಾದ ಸೆನೆಟ್ 1903ರಲ್ಲಿ ಒಪ್ಪಂದ ತಿರಸ್ಕರಿಸಿತು. ನವೆಂಬರ್ 3ಕ್ಕೆ ಪನಾಮಾದಲ್ಲಿ ಬಂಡಾಯ. ಅಮೆರಿಕದ 'ನ್ಯಾಶ್‌ವಿಲ್' ಯುದ್ಧನೌಕೆ ಹಿಂದಿನ ದಿನವೇ ಬಂದು ನಿಂತಿತ್ತು. ನವೆಂಬರ್ 18ಕ್ಕೆ ಕಾಲುವೆ ಒಪ್ಪಂದ. ಪನಾಮಾ ಪರವಾಗಿ ಸಹಿ ಹಾಕಿದ್ದು ಯಾರು ಗೊತ್ತಾ? ಅದೇ ಬುನೊ-ವರಿಯಾ. ಪನಾಮಾದ ನಿಜವಾದ ಪ್ರತಿನಿಧಿಗಳು ವಾಷಿಂಗ್ಟನ್ ತಲುಪುವ ಕೆಲವೇ ಗಂಟೆ ಮೊದಲು ಸಹಿ ಬಿದ್ದಿತ್ತು. ಕಾಲುವೆ 1914ರಲ್ಲಿ ತೆರೆಯಿತು. ಪನಾಮಾದ ಕೈಗೆ ಪೂರ್ತಿ ಬಂದದ್ದು 1999ರ ಡಿಸೆಂಬರ್ 31ಕ್ಕೆ.

## ಇನ್ನೂ ಕೆದಕುವವರಿಗೆ

ಈ ದ್ವೀಪದವರಿಗೆ ಅಮೆರಿಕದ ಸಂವಿಧಾನ ಅನ್ವಯಿಸುತ್ತಾ?

ಇದನ್ನು ತೀರ್ಮಾನಿಸಿದ್ದು ಕಿತ್ತಳೆ ಹಣ್ಣು. ಪೋರ್ಟೊ ರಿಕೊ ಅಮೆರಿಕದ ಕೈಗೆ ಬಂದ ಮೇಲೆ ಡೌನ್ಸ್ ಎಂಬ ವ್ಯಾಪಾರಿ ಅಲ್ಲಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿದ. ಬಂದರಿನಲ್ಲಿ 659 ಡಾಲರ್ 35 ಸೆಂಟ್ ಸುಂಕ ಹಾಕಿದರು. ದೇಶದೊಳಗಿನ ಸರಕಿಗೆ ಯಾವ ಸುಂಕ ಅಂತ ಅವನು ಕೋರ್ಟಿಗೆ ಹೋದ. 1901ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಅಲ್ಲಿ ಸಂವಿಧಾನ ಪೂರ್ತಿ ತಾನಾಗಿ ಹೋಗುವುದಿಲ್ಲ.

ನನ್ನ ಪ್ರಕಾರ ಇಡೀ ಕಥೆಯ ತಿರುಳು ಈ ಕಿತ್ತಳೆ ಬುಟ್ಟಿಯಲ್ಲಿದೆ. ಅವರಿಗೆ ಬಂದರು ಬೇಕಿತ್ತು, ಜನ ಬೇಡವಾಗಿದ್ದರು. ಈ ತೀರ್ಪೂ ಇದರಂಥ ಬೇರೆ ತೀರ್ಪುಗಳೂ ಇನ್ನೂ ರದ್ದಾಗಿಲ್ಲ. ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಆದರೂ ದ್ವೀಪದಲ್ಲಿ ಇರುವಷ್ಟು ದಿನ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದ ಪೌರತ್ವವೂ ಇಲ್ಲ.

ಅಮೆರಿಕದೊಳಗೆ ಯಾರೂ ವಿರೋಧಿಸಲಿಲ್ವಾ?

ಬೇಕಾದಷ್ಟು ಜನ ವಿರೋಧಿಸಿದರು. ಬೋಸ್ಟನ್‌ನಲ್ಲಿ 1898ರಲ್ಲೇ ಸಾಮ್ರಾಜ್ಯಶಾಹಿ ವಿರೋಧಿ ಲೀಗ್ ಹುಟ್ಟಿತು. ಮಾರ್ಕ್ ಟ್ವೇನ್, ಉಕ್ಕಿನ ದೊರೆ ಕಾರ್ನೆಗಿ, ಕಾರ್ಮಿಕ ನಾಯಕ ಗಾಂಪರ್ಸ್ ಎಲ್ಲ ಒಂದೇ ಕಡೆ ಇದ್ದರು. ಪ್ಯಾರಿಸ್ ಒಪ್ಪಂದ ಸೆನೆಟ್‌ನಲ್ಲಿ 57-27ರಿಂದ ಪಾಸಾಯಿತು. ಬೇಕಿದ್ದ ಮೂರನೇ ಎರಡು ಬಹುಮತಕ್ಕಿಂತ ಒಂದೇ ಒಂದು ಮತ ಜಾಸ್ತಿ. ಆದರೆ ವಿರೋಧಿಸಿದವರೆಲ್ಲ ಒಳ್ಳೆಯವರು ಅಂತಲ್ಲ. ಕಂದು ಬಣ್ಣದ ಜನ ನಮ್ಮ ದೇಶದೊಳಗೆ ಬರಬಾರದು ಅನ್ನುವ ಕಾರಣಕ್ಕೆ ಬೇಡ ಅಂದವರೂ ತುಂಬಾ ಇದ್ದರು.

ಕೊನೆಗೆ ವ್ಯಾಪಾರದಲ್ಲಿ ಲಾಭ ಆಯ್ತಾ?

ಕೆಲವರಿಗೆ ಆಯಿತು. ಅಮೆರಿಕದ ದಕ್ಷಿಣದ ಬಟ್ಟೆ ಗಿರಣಿಗಳು ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ಚೆನ್ನಾಗಿ ಮಾರಿದವು. ಸಕ್ಕರೆ ಕಂಪನಿಗಳೂ ಕೊಬ್ಬಿದವು. ಆದರೆ ಚೀನಾ ಮಾರುಕಟ್ಟೆಯ ಕನಸು ಕನಸಾಗೇ ಉಳಿಯಿತು. ಆ ಕಾಲದಲ್ಲಿ ಅಮೆರಿಕದ ರಫ್ತಿನಲ್ಲಿ ಚೀನಾದ ಪಾಲು ನೂರಕ್ಕೆ ಒಂದೆರಡರ ಆಸುಪಾಸು. ಬಹುಪಾಲು ಸರಕು ಹೋಗುತ್ತಿದ್ದದ್ದು ಯುರೋಪಿಗೆ. ಅಲ್ಲಿ ಯಾವ ದ್ವೀಪವನ್ನೂ ಹಿಡಿಯಬೇಕಿರಲಿಲ್ಲ.

ಫಿಲಿಪ್ಪೀನ್ಸ್ ಕಥೆ ಇನ್ನೂ ವಿಚಿತ್ರ. ಅಲ್ಲಿನ ಸಕ್ಕರೆ, ಕೊಬ್ಬರಿ ಎಣ್ಣೆ ಸುಂಕವಿಲ್ಲದೆ ಅಮೆರಿಕಕ್ಕೆ ಬರತೊಡಗಿದಾಗ ಅಮೆರಿಕದ ಬೀಟ್ ರೈತರೂ ಡೈರಿಯವರೂ ಕಂಗಾಲಾದರು. 1934ರಲ್ಲಿ ಸ್ವಾತಂತ್ರ್ಯದ ಕಾಯ್ದೆ ಪಾಸಾಗಲು ಫಿಲಿಪ್ಪೀನರ ಹೋರಾಟದ ಜೊತೆಗೆ ಇವರ ಒತ್ತಡವೂ ಕಾರಣ. ಅವರನ್ನು ಹೊರಗೆ ಕಳಿಸಿದರೆ ಸುಂಕ ಹಾಕಬಹುದಲ್ಲ! ಅದೇ ಕಾಯ್ದೆ ಫಿಲಿಪ್ಪೀನ್ಸ್‌ನಿಂದ ವಲಸೆ ಬರುವವರನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. ಸ್ವಾತಂತ್ರ್ಯ ಸಿಕ್ಕಿದ್ದು 1946ರ ಜುಲೈ 4ಕ್ಕೆ.

ನಮ್ಮ ಕಡೆಗೂ ಆ ಹಡಗುಗಳು ಬಂದಿದ್ವಾ?

ಭಾರತಕ್ಕೆ ಬಂದಿದ್ದವು. ಬ್ರಿಟನ್ ಜೊತೆಗಿನ 1794ರ ಜೇ ಒಪ್ಪಂದ ಅಮೆರಿಕದ ಹಡಗುಗಳಿಗೆ ಇಲ್ಲಿನ ಬ್ರಿಟಿಷ್ ಬಂದರುಗಳಲ್ಲಿ ವ್ಯಾಪಾರ ಮಾಡಲು ಬಿಟ್ಟಿತು. 1833ರಲ್ಲಿ ಬೋಸ್ಟನ್ನಿನ ಟ್ಯೂಡರ್ ಎಂಬ ವ್ಯಾಪಾರಿ ಕೆರೆಯ ಮಂಜುಗಡ್ಡೆ ಕೊರೆದು ಕಲ್ಕತ್ತಕ್ಕೆ ಕಳಿಸಿದ. 180 ಟನ್ ಹೊರಟಿದ್ದು, ನಾಲ್ಕು ತಿಂಗಳ ಪ್ರಯಾಣ ಮುಗಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು. ಚೆನ್ನೈ ಮರೀನಾದ ಐಸ್ ಹೌಸ್, ಅಂದರೆ ಈಗಿನ ವಿವೇಕಾನಂದರ ಸ್ಮಾರಕ, ಆ ಮಂಜುಗಡ್ಡೆ ಇಡಲು ಕಟ್ಟಿಸಿದ್ದು. ಧಾರವಾಡಕ್ಕೆ ಬಂದದ್ದು ಬೀಜ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಅಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿ ಬೆಳೆಸಿತು. ಅದಕ್ಕೆ 'ಧಾರವಾಡ-ಅಮೆರಿಕನ್' ಅಂತಲೇ ಹೆಸರಾಯಿತು.

ಗ್ವಾಂಟಾನಮೋಗೆ ಅಮೆರಿಕ ಬಾಡಿಗೆ ಕೊಡುತ್ತಂತೆ, ಹೌದಾ?

ಕೊಡುತ್ತದೆ. ಅಮೆರಿಕದ ಹಡಗುಗಳಿಗೆ ಕಲ್ಲಿದ್ದಲು ತುಂಬಿಸುವ ನೆಲೆ ಅಂತ 1903ರಲ್ಲಿ ಕ್ಯೂಬಾದಿಂದ ಪಡೆದ ಜಾಗ ಅದು. ಬಾಡಿಗೆ ಮೊದಲು ವರ್ಷಕ್ಕೆ 2,000 ಡಾಲರ್ ಚಿನ್ನದಲ್ಲಿ, ಆಮೇಲೆ 4,085 ಡಾಲರ್. ಎರಡೂ ಕಡೆ ಒಪ್ಪಿದರೆ ಅಥವಾ ಅಮೆರಿಕವೇ ಬಿಟ್ಟು ಹೋದರೆ ಮಾತ್ರ ಕರಾರು ಮುಗಿಯುತ್ತದೆ. ಕ್ಯೂಬಾ ಕ್ರಾಂತಿ ಆದ ವರ್ಷ, 1959ರಲ್ಲಿ, ಒಂದು ಚೆಕ್ಕನ್ನು ಗಡಿಬಿಡಿಯಲ್ಲಿ ನಗದು ಮಾಡಿಕೊಂಡರು. ಆಮೇಲಿನ ಚೆಕ್ಕುಗಳನ್ನು ಕ್ಯೂಬಾ ಬ್ಯಾಂಕಿಗೆ ಹಾಕಲೇ ಇಲ್ಲ. ಕ್ಯಾಸ್ಟ್ರೊ ಅವನ್ನು ಮೇಜಿನ ಡ್ರಾಯರ್‌ನಲ್ಲಿ ತುಂಬಿಟ್ಟಿದ್ದರು.